ಬೈಕಿನ ಚೈನ್ ಮತ್ತು ಸ್ಪ್ರಾಕೆಟ್: ದೂಳಿನ ಸೀಮೆಯಲ್ಲಿ ಕಾಪಾಡಿಕೊಳ್ಳುವ ಬಗೆ

ಚನ್ನಗಿರಿಯಿಂದ ಒಬ್ಬರು, ಜಗಳೂರಿನಿಂದ ಒಬ್ಬರು, ಹೊಳಲ್ಕೆರೆಯಿಂದ ಮತ್ತೊಬ್ಬರು. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: ‘ತಿಂಗಳ ಹಿಂದೆ ಚೈನ್ ಬಿಗಿ ಮಾಡಿಸಿದ್ದೆ, ಮತ್ತೆ ಸಡಿಲವಾಗಿ ಕಟಕಟ ಎನ್ನುತ್ತಿದೆ. ಈ ಸಲ ಇನ್ನಷ್ಟು ಬಿಗಿ ಮಾಡಿಸಲೇ?’

ದಯವಿಟ್ಟು ಮಾಡಿಸಬೇಡಿ. ಸಡಿಲವಾದ ಚೈನ್ ಸದ್ದು ಮಾಡಿ ಎಚ್ಚರಿಸುತ್ತದೆ. ಅತಿ ಬಿಗಿಯಾದ ಚೈನ್ ಸದ್ದಿಲ್ಲದೆ ಗೇರ್ ಬಾಕ್ಸಿನ ಬೇರಿಂಗನ್ನೂ ಹಿಂದಿನ ಚಕ್ರದ ಬೇರಿಂಗನ್ನೂ ತಿನ್ನುತ್ತದೆ, ಕೊನೆಗೊಂದು ದಿನ ತಾನೂ ಕಡಿಯುತ್ತದೆ. ಒಂದು ಗ್ಯಾರೇಜಿನಲ್ಲಿ ತಂತಿಯ ಹಾಗೆ ಎಳೆದು ಕಟ್ಟಿದ ಚೈನಿನಲ್ಲಿ ನಾಲ್ಕು ತಿಂಗಳು ಓಡಿಸಿ, ಚಕ್ರದ ಬೇರಿಂಗ್ ಪುಡಿಯಾದ ಮೇಲೆ ನಾನು ಕಲಿತ ಪಾಠವಿದು. ಚೈನಿಗೆ ಬೇಕಾದಷ್ಟು ಸಡಿಲಿಕೆ ಬಿಡುವುದು, ದೂಳು ಒಳಗೆ ಸೇರದಂತೆ ನೋಡಿಕೊಳ್ಳುವುದು, ಸರಿಯಾದ ಜಾಗಕ್ಕೆ ಎಣ್ಣೆ ಕೊಡುವುದು, ಈ ಮೂರು ಕೆಲಸಗಳನ್ನು ಮನೆಯ ಮುಂದೆಯೇ ಮಾಡಿಕೊಳ್ಳಬಹುದು. ಹೇಗೆಂದು ಹಂತ ಹಂತವಾಗಿ ಹೇಳುತ್ತೇನೆ.

ಚೈನ್ ಉದ್ದವಾಗುವುದು ಏಕೆ

ಚೈನ್ ಜಗ್ಗಿ ಉದ್ದವಾಯಿತು ಎನ್ನುತ್ತೇವೆ. ಕಬ್ಬಿಣದ ಪಟ್ಟಿ ಹಾಗೆ ಜಗ್ಗುವುದಿಲ್ಲ. ಚೈನಿನ ಪ್ರತಿ ಕೀಲಿನಲ್ಲೂ ಒಂದು ಪಿನ್ ಇದೆ, ಅದರ ಸುತ್ತ ಬುಷ್ ಎನ್ನುವ ಪುಟ್ಟ ಕೊಳವೆ ಇದೆ, ಬುಷ್ ಮೇಲೆ ಉರುಳುವ ರೋಲರ್ ಇದೆ. ಸ್ಪ್ರಾಕೆಟ್ ಎಂದರೆ ಚೈನ್ ಕೂರುವ ಹಲ್ಲಿನ ಚಕ್ರ. ಎಂಜಿನ್ ಬಳಿ ಚಿಕ್ಕದೊಂದು, ಹಿಂದಿನ ಚಕ್ರದಲ್ಲಿ ದೊಡ್ಡದೊಂದು. ಚೈನ್ ಪ್ರತಿ ಸಲ ಸ್ಪ್ರಾಕೆಟ್ ಸುತ್ತುವಾಗಲೂ ಪಿನ್ ಬುಷ್‌ನೊಳಗೆ ತಿರುಗಿ ಉಜ್ಜಿಕೊಳ್ಳುತ್ತದೆ. ಒಂದು ಕೀಲಿನಲ್ಲಿ 0.1 ಮಿಲಿಮೀಟರ್ ಸವೆದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ 120 ಕೀಲುಗಳಲ್ಲಿ ಅಷ್ಟಷ್ಟೇ ಸವೆದರೆ ಚೈನ್ 12 ಮಿಲಿಮೀಟರ್ ಉದ್ದವಾಗಿರುತ್ತದೆ. ನೀವು ಬಿಗಿ ಮಾಡಿಸುವುದು ಆ ಉದ್ದವನ್ನು ಮಾತ್ರ. ಸವೆತ ಒಳಗೆ ಹಾಗೇ ಉಳಿದಿರುತ್ತದೆ.

ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಈ ಸವೆತಕ್ಕೆ ಕಾರಣಗಳು ಕಾಲಕ್ಕೊಂದು ಬಗೆ. ಚಳ್ಳಕೆರೆ, ಹಿರಿಯೂರು ಕಡೆ ಬೇಸಿಗೆಯ ಗಾಳಿಗೆ ಏಳುವ ದೂಳು, ಭೀಮಸಮುದ್ರದ ಕಡೆ ಅದಿರು ಲಾರಿಗಳ ಕೆಂಪು ಪುಡಿ. ಭದ್ರಾ ನಾಲೆಯ ಗದ್ದೆ ಸೀಮೆಯಲ್ಲಿ ನಾಟಿಯ ಹೊತ್ತಿಗೆ ಟ್ರ್ಯಾಕ್ಟರ್ ಚಕ್ರಗಳು ರಸ್ತೆಗೆ ತಂದು ಸುರಿಯುವ ಕೆಸರು. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಡಾಂಬರಿನ ಮೇಲೇ ಒಕ್ಕುವುದರಿಂದ ಹುಲ್ಲಿನ ಎಳೆ ಚೈನಿನೊಂದಿಗೆ ಒಳಗೆ ಹೋಗಿ ಮುಂದಿನ ಸ್ಪ್ರಾಕೆಟ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಹಳೆಯ ಚೈನಿನ ಪಕ್ಕದಲ್ಲಿ ಕಪ್ಪಗೆ ಮೆತ್ತಿರುವ ಲೇಪವನ್ನು ಸ್ವಲ್ಪ ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ. ಎಣ್ಣೆಯಂತೆ ಜಾರಬೇಕಾದದ್ದು ಕರಕರ ಎನ್ನುತ್ತದೆ. ಸಾಣೆ ಹಿಡಿಯುವ ಪುಡಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಚೈನ್ ದಿನವಿಡೀ ಅದರಲ್ಲೇ ಅರೆದುಕೊಳ್ಳುತ್ತಿರುತ್ತದೆ.

ಬೇಕಾಗುವ ಸಾಮಾನು

ನಿಮ್ಮ ಬೈಕಿನ ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ನಟ್ಟಿಗೆ ಹೊಂದುವ ರಿಂಗ್ ಸ್ಪ್ಯಾನರ್, ಚಕ್ರವನ್ನು ಹಿಂದಕ್ಕೆ ಸರಿಸುವ ಅಡ್ಜಸ್ಟರ್ ನಟ್ಟುಗಳಿಗೆ ಚಿಕ್ಕ ಸ್ಪ್ಯಾನರ್ (ಬಹಳಷ್ಟು ಬೈಕುಗಳಲ್ಲಿ 10 ಅಥವಾ 12), ಮೂಗುಚೂಪಿನ ಇಕ್ಕಳ, ಒಂದು ಸ್ಕೇಲು, ಹಳೆಯ ಹಲ್ಲುಜ್ಜುವ ಬ್ರಷ್, ಬನಿಯನ್ ಬಟ್ಟೆ, ಕೆಳಗೆ ಹಾಸಲು ರಟ್ಟು. ತೊಳೆಯಲು ಸೀಮೆಎಣ್ಣೆ, ಅದು ಸಿಗದಿದ್ದರೆ ಚೈನ್ ಕ್ಲೀನರ್ ಸ್ಪ್ರೇ. ಹಾಕಲು 90ರ ಗೇರ್ ಆಯಿಲ್ ಅಥವಾ ಚೈನ್ ಲ್ಯೂಬ್ ಸ್ಪ್ರೇ. ಜೊತೆಗೆ ಬೈಕ್ ಕೊಂಡಾಗ ಕೊಟ್ಟ ಪುಸ್ತಕವನ್ನು ಹುಡುಕಿ ಇಟ್ಟುಕೊಳ್ಳಿ. ಸಡಿಲಿಕೆಯ ಅಳತೆ ಅದರಲ್ಲಿದೆ.

1. ಎಂಜಿನ್ ಬಂದ್, ಕೀಲಿ ಜೇಬಿಗೆ

ಬೈಕನ್ನು ಸಮನಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ, ಚೈನ್ ತಾನಾಗಿ ತಿರುಗುತ್ತಿರುವಾಗ ಬಟ್ಟೆ ಹಿಡಿದು ಒರೆಸುವುದನ್ನು ನೀವೂ ನೋಡಿರಬಹುದು. ಬಟ್ಟೆಯ ಒಂದು ಎಳೆ ಹಲ್ಲಿಗೆ ಸಿಕ್ಕರೆ ಸಾಕು, ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಸಮಯವಿರುವುದಿಲ್ಲ, ಬೆರಳು ಹೋಗುತ್ತದೆ. ಚಕ್ರವನ್ನು ಕೈಯಿಂದ ಮಾತ್ರ ತಿರುಗಿಸಿ. ಮಕ್ಕಳು ಪಕ್ಕದಲ್ಲಿ ಕುಳಿತು ನೋಡುತ್ತಿದ್ದರೆ ಅವರು ಚಕ್ರ ತಿರುಗಿಸದಂತೆ ಮೊದಲೇ ಹೇಳಿ.

2. ಸವೆತ ನೋಡಿ

ತೊಳೆಯುವ ಮುಂಚೆಯೇ ಚೈನ್ ಇನ್ನೂ ಉಳಿಸಿಕೊಳ್ಳಲು ಯೋಗ್ಯವೇ ಎಂದು ತಿಳಿಯಬೇಕು. ಚೈನ್ ಪೂರ್ತಿ ಮುಚ್ಚಿರುವ ಕವರ್ ಇದ್ದರೆ ಅದರ ಮೇಲಿನ, ಕೆಳಗಿನ ಭಾಗ ಬಿಚ್ಚಿ. ಹಿಂದಿನ ಸ್ಪ್ರಾಕೆಟ್ಟಿನ ತೀರ ಹಿಂಬದಿಯಲ್ಲಿ, ಚೈನ್ ಹಲ್ಲನ್ನು ಅಪ್ಪಿಕೊಂಡಿರುವ ಕಡೆ, ಎರಡು ಬೆರಳಿನಿಂದ ಹಿಡಿದು ಹಿಂದಕ್ಕೆ ಎಳೆಯಿರಿ. ಒಳ್ಳೆಯ ಚೈನ್ ಅಲುಗುವುದಿಲ್ಲ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಅದರ ಆಯಸ್ಸು ಮುಗಿದಿದೆ, ಎಂಟನೇ ಹಂತಕ್ಕೆ ಹೋಗಿ.

ನಿಖರವಾಗಿ ಅಳೆಯಬೇಕೆಂದರೆ ಸ್ಕೇಲು ತೆಗೆದುಕೊಳ್ಳಿ. 100ರಿಂದ 150 ಸಿಸಿಯ ಬಹುಪಾಲು ಬೈಕುಗಳಲ್ಲಿರುವುದು 428 ಸಂಖ್ಯೆಯ ಚೈನ್. ಆ ಸಂಖ್ಯೆ ಪಕ್ಕದ ಪಟ್ಟಿಯ ಮೇಲೆಯೇ ಒತ್ತಿರುತ್ತದೆ. ಅದರಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರ್. ಕೆಳಗಿನ ಸಾಲನ್ನು ನೇರವಾಗಿ ಎಳೆದು ಹಿಡಿದು ಒಂದು ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿನವರೆಗೆ ಅಳೆಯಿರಿ. ಹೊಸದರಲ್ಲಿ ಅದು 254 ಮಿಲಿಮೀಟರ್ ಇರುತ್ತದೆ. 259ಕ್ಕೆ ಬಂದಿದ್ದರೆ ಶೇಕಡ 2ರಷ್ಟು ಉದ್ದವಾಗಿದೆ ಎಂದರ್ಥ, ಅದಕ್ಕೆ ಮುಂಚೆಯೇ ಬದಲಿಸಬೇಕಿತ್ತು. ಎರಡು ಮೂರು ಕಡೆ ಅಳೆಯಿರಿ, ಏಕೆಂದರೆ ಚೈನ್ ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ.

ಇನ್ನು ಹಲ್ಲುಗಳು. ಹೊಸ ಸ್ಪ್ರಾಕೆಟ್ಟಿನ ಹಲ್ಲು ಎರಡೂ ಬದಿ ಒಂದೇ ಇಳಿಜಾರಿನಲ್ಲಿ, ತುದಿ ತುಸು ಮೊಂಡಾಗಿ ಇರುತ್ತದೆ. ಸವೆದ ಹಲ್ಲು ಚೂಪಾಗಿ ಒಂದು ಕಡೆಗೆ ಬಾಗಿ ಕುಡುಗೋಲಿನ ತುದಿಯಂತೆ ಕಾಣುತ್ತದೆ. ಹಿಂದಿನದನ್ನು ಮಾತ್ರ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಮುಂದೆ 14, ಹಿಂದೆ 42 ಹಲ್ಲು ಇವೆ ಎಂದಿಟ್ಟುಕೊಳ್ಳಿ. ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು ಮೂರು ಸುತ್ತು ಬಂದಿರುತ್ತದೆ. ಮೊದಲು ಸವೆಯುವುದು ಅದೇ, ಆದರೆ ಅದು ಮುಚ್ಚಳದ ಹಿಂದೆ ಇರುವುದರಿಂದ ಯಾರೂ ನೋಡುವುದಿಲ್ಲ. ಎಂಜಿನ್ನಿನ ಎಡಬದಿಯ ಚಿಕ್ಕ ಮುಚ್ಚಳದ ಬೋಲ್ಟುಗಳನ್ನು ತೆಗೆದರೆ ಸ್ಪ್ರಾಕೆಟ್ ಕಾಣುತ್ತದೆ (ಕೆಲವು ಬೈಕುಗಳಲ್ಲಿ ಬಲಬದಿಗೆ ಇರುತ್ತದೆ). ಅಲ್ಲಿ ಗ್ರೀಸು ದೂಳು ಸೇರಿ ಇಟ್ಟಿಗೆಯಂತೆ ಗಟ್ಟಿಯಾಗಿ ತುಂಬಿರುತ್ತದೆ. ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ, ಸುತ್ತಿಕೊಂಡ ಹುಲ್ಲಿದ್ದರೆ ಬ್ಲೇಡಿನಿಂದ ಕತ್ತರಿಸಿ ಬಿಡಿಸಿ. ಸ್ಪ್ರಾಕೆಟ್ಟಿನ ಹಿಂದೆ ಆಯಿಲ್ ಜಿನುಗಿದ ಗುರುತಿದ್ದರೆ ಅಲ್ಲಿನ ಆಯಿಲ್ ಸೀಲ್ ಹೋಗಿದೆ, ಮೆಕ್ಯಾನಿಕ್‌ಗೆ ತೋರಿಸಿ.

3. ತೊಳೆಯುವುದು

ಚೈನ್ ಪೂರ್ತಿ ಮುಚ್ಚಿರುವ ಕವರ್ ಇದ್ದರೆ ಅದರ ಮೇಲಿನ, ಕೆಳಗಿನ ಭಾಗ ಬಿಚ್ಚಿ. ಕೆಳಗೆ ರಟ್ಟು ಹಾಸಿ, ಟೈರಿಗೂ ಬ್ರೇಕಿಗೂ ಸಿಡಿಯದಂತೆ ಇನ್ನೊಂದು ರಟ್ಟು ನಡುವೆ ಹಿಡಿಸಿ. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನಿನ ನಾಲ್ಕೂ ಮುಖಗಳನ್ನು ಉಜ್ಜಿ: ಮೇಲೆ, ಕೆಳಗೆ, ಹೊರಬದಿ, ಒಳಬದಿ. ಒಳಬದಿ ಮರೆಯುವವರೇ ಹೆಚ್ಚು. ಕಪ್ಪು ನೀರು ಇಳಿಯುವುದು ನಿಂತ ಮೇಲೆ ಒಣ ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಆರಲು ಬಿಡಿ.

ಇಲ್ಲಿ ಒಂದು ಭೇದ ತಿಳಿದಿರಲಿ. ಕೆಲವು ಚೈನುಗಳಲ್ಲಿ ಪಟ್ಟಿಗಳ ನಡುವೆ ತೆಳ್ಳನೆಯ ರಬ್ಬರ್ ಬಳೆಗಳು ಕಾಣುತ್ತವೆ. ಇದಕ್ಕೆ ಓ-ರಿಂಗ್ ಚೈನ್ ಎನ್ನುತ್ತಾರೆ. ಪಿನ್ನಿಗೆ ಬೇಕಾದ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ, ಅದು ಹೊರಬಾರದಂತೆ ಆ ಬಳೆಗಳಿಂದ ಮುಚ್ಚಿರುತ್ತಾರೆ. ಪೆಟ್ರೋಲ್ ಆ ರಬ್ಬರನ್ನು ಹಾಳು ಮಾಡುತ್ತದೆ, ತಂತಿ ಬ್ರಷ್ ಹರಿಯುತ್ತದೆ, ವಾಟರ್ ಸರ್ವಿಸ್ ಅಂಗಡಿಯ ರಭಸದ ನೀರು ಬಳೆ ದಾಟಿ ಒಳನುಗ್ಗುತ್ತದೆ. ಬಳೆ ಹೋದರೆ ಗ್ರೀಸು ಹೋಯಿತು, ಅದನ್ನು ಮತ್ತೆ ತುಂಬಲು ಬರುವುದಿಲ್ಲ. ಬೈಕ್ ತೊಳೆಸುವಾಗ ಚೈನಿನ ಹತ್ತಿರ ಪೈಪು ಹಿಡಿಯಬೇಡಿ ಎಂದು ನಿಂತು ಹೇಳಿ.

ತೊಳೆದ ಚೈನಿನ ಒಂದೊಂದೇ ಕೀಲನ್ನು ಕೈಯಿಂದ ಮಡಚಿ ನೋಡಿ. ತುಕ್ಕು ಹಿಡಿದು ಮಡಚಿದಂತೆಯೇ ನಿಲ್ಲುವ ಕೀಲುಗಳಿದ್ದರೆ ಎಣ್ಣೆ ಬಿಟ್ಟು ಅತ್ತಿತ್ತ ಆಡಿಸಿ. ಮಣಿಯದಿದ್ದರೆ ಆ ಚೈನನ್ನು ನಂಬಬೇಡಿ.

4. ಚೈನ್ ಲಾಕ್ ಪರೀಕ್ಷಿಸಿ

ಚೈನಿನ ಎರಡು ತುದಿ ಸೇರಿಸುವ ಕೊಂಡಿಗೆ ಚೈನ್ ಲಾಕ್ ಎನ್ನುತ್ತಾರೆ. ಅದರ ಮೇಲೆ ಮೀನಿನ ಆಕಾರದ ಪುಟ್ಟ ಕ್ಲಿಪ್ ಇರುತ್ತದೆ. ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ಸೀಳಿರುತ್ತದೆ. ಮುಚ್ಚಿದ ತುದಿ ಚೈನ್ ಸಾಗುವ ದಿಕ್ಕಿಗೆ ಇರಬೇಕು. ಮೇಲಿನ ಸಾಲಿನಲ್ಲಿ ಚೈನ್ ಮುಂದಕ್ಕೆ ಸಾಗುತ್ತದೆ, ಹಾಗಾಗಿ ಲಾಕ್ ಮೇಲಿನ ಸಾಲಿನಲ್ಲಿದ್ದಾಗ ಮುಚ್ಚಿದ ತುದಿ ಹೆಡ್‌ಲೈಟಿನ ಕಡೆ ನೋಡುತ್ತಿರಬೇಕು. ತಿರುಗುಮುರುಗಾಗಿ ಹಾಕಿದ್ದರೆ ಯಾವುದೋ ಕಲ್ಲೋ ಕಡ್ಡಿಯೋ ಸೀಳಿಗೆ ತಾಗಿ ಕ್ಲಿಪ್ ಹಾರಿ ಹೋಗುತ್ತದೆ, ಚೈನ್ ನಡುರಸ್ತೆಯಲ್ಲಿ ಬಿಚ್ಚಿಕೊಳ್ಳುತ್ತದೆ. ನಿಮ್ಮ ಚೈನಿನ ಸಂಖ್ಯೆಗೆ ಹೊಂದುವ ಒಂದು ಲಾಕನ್ನು ಕೊಂಡು ಸೀಟಿನ ಕೆಳಗೆ ಇಟ್ಟಿರಿ.

5. ಸಡಿಲಿಕೆ ಅಳೆಯುವುದು

ಕೆಳಗಿನ ಸಾಲಿನ ನಟ್ಟನಡುವೆ, ಎರಡು ಸ್ಪ್ರಾಕೆಟ್ಟುಗಳ ಮಧ್ಯದಲ್ಲಿ, ಚೈನನ್ನು ಬೆರಳಿನಿಂದ ಕೆಳಕ್ಕೆ ಒತ್ತಿ, ಆಮೇಲೆ ಮೇಲಕ್ಕೆ ಎತ್ತಿ. ಕೆಳಗಿನ ತುದಿಯಿಂದ ಮೇಲಿನ ತುದಿಯವರೆಗೆ ಎಷ್ಟು ಆಡುತ್ತದೆಯೋ ಅದೇ ಸಡಿಲಿಕೆ. 100ರಿಂದ 125 ಸಿಸಿಯ ಬಹಳಷ್ಟು ಬೈಕುಗಳಿಗೆ ಅದು 20ರಿಂದ 30 ಮಿಲಿಮೀಟರ್. ನಿಮ್ಮ ಬೈಕಿನದು ಪುಸ್ತಕದಲ್ಲೋ, ಚೈನ್ ಕವರಿಗೆ ಅಂಟಿಸಿದ ಚೀಟಿಯಲ್ಲೋ ಇರುತ್ತದೆ, ಅದನ್ನೇ ಪಾಲಿಸಿ. ಸೆಂಟರ್ ಸ್ಟ್ಯಾಂಡಿನಲ್ಲಿ ಅಳೆಯಬೇಕೋ ಸೈಡ್ ಸ್ಟ್ಯಾಂಡಿನಲ್ಲೋ ಎಂಬುದನ್ನೂ ಅಲ್ಲೇ ಬರೆದಿರುತ್ತಾರೆ, ಎರಡರಲ್ಲಿ ಅಳತೆ ಬೇರೆ ಬರುತ್ತದೆ.

ಬಹುತೇಕರು ತಪ್ಪುವುದು ಇನ್ನು ಮುಂದೆ. ಒಂದೇ ಜಾಗದಲ್ಲಿ ಅಳೆದು ಬಿಟ್ಟರೆ ಆಗದು. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ನಾಲ್ಕೈದು ಕಡೆ ಅಳೆಯಿರಿ. ಒಂದು ಕಡೆ 35 ಬರಬಹುದು, ಇನ್ನೊಂದು ಕಡೆ 20. ಅತಿ ಬಿಗಿಯಾಗಿರುವ ಜಾಗವನ್ನು ಹುಡುಕಿ, ಅಲ್ಲಿ ಸರಿಯಾದ ಅಳತೆ ಬರುವಂತೆ ಹೊಂದಿಸಬೇಕು. ಸಡಿಲ ಜಾಗದಲ್ಲಿ ನೋಡಿ ಬಿಗಿ ಮಾಡಿದರೆ, ಬಿಗಿ ಜಾಗ ಬಂದಾಗಲೆಲ್ಲ ಚೈನ್ ಸುತ್ತಿಗೊಮ್ಮೆ ಗೇರ್ ಬಾಕ್ಸಿನ ಶಾಫ್ಟನ್ನು ಜಗ್ಗುತ್ತದೆ.

‘ನಾವು ಹಾಲಿನ ಕ್ಯಾನು, ಮೇವಿನ ಮೂಟೆ ಹೇರುತ್ತೇವೆ, ಅದಕ್ಕೆ ಸ್ವಲ್ಪ ಬಿಗಿಯೇ ಇರಲಿ’ ಎಂದು ಹೇಳುವವರಿದ್ದಾರೆ. ಲೆಕ್ಕ ಇರುವುದು ಅದರ ವಿರುದ್ಧ. ಭಾರ ಬಿದ್ದಾಗ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಕ್ಕೆ ಏಳುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಸಾಲಿಗೆ ಬಂದಾಗ ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಅತಿ ಹೆಚ್ಚು. ಖಾಲಿ ಬೈಕಿನಲ್ಲಿ ಸರಿಯಾಗಿ ಕಂಡ ಬಿಗಿ, ಇಬ್ಬರು ಕುಳಿತು ಮೂಟೆ ಇಟ್ಟು ಗುಂಡಿಗೆ ಇಳಿದಾಗ ಚೈನ್ ಕಡಿಯುವಷ್ಟು ಬಿಗಿಯಾಗುತ್ತದೆ. ಅನುಮಾನವಿದ್ದರೆ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಮನೆಯವರಿಬ್ಬರನ್ನು ಕೂರಿಸಿ, ಚೈನನ್ನು ಮತ್ತೆ ಆಡಿಸಿ ನೋಡಿ. ಆಗಲೂ ಸ್ವಲ್ಪ ಆಡಬೇಕು.

6. ಬಿಗಿ ಮಾಡುವುದು

ಹಿಂದಿನ ಆಕ್ಸಲ್ ನಟ್ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಕೆಲವು ಬೈಕುಗಳಲ್ಲಿ ಸ್ಪ್ರಾಕೆಟ್ ಬದಿಗೆ ಇನ್ನೊಂದು ದೊಡ್ಡ ನಟ್ ಇರುತ್ತದೆ, ಅದಕ್ಕೆ ಸ್ಲೀವ್ ನಟ್ ಎನ್ನುತ್ತಾರೆ. ಅದನ್ನೂ ಸಡಿಲಿಸದಿದ್ದರೆ ಚಕ್ರ ಓರೆಯಾಗಿ ಸರಿಯುತ್ತದೆ. ನಂತರ ಎರಡೂ ಬದಿಯ ಅಡ್ಜಸ್ಟರ್ ನಟ್ಟುಗಳನ್ನು ಸಮನಾಗಿ ತಿರುಗಿಸಿ: ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು. ಸ್ವಿಂಗ್ ಆರ್ಮ್ ಮೇಲೆ ಕೊರೆದಿರುವ ಗೆರೆಗಳು ಎರಡೂ ಕಡೆ ಒಂದೇ ಸ್ಥಾನದಲ್ಲಿರಬೇಕು. ಆ ಗೆರೆಗಳನ್ನಷ್ಟೇ ನಾನು ನಂಬುವುದಿಲ್ಲ. ಒಂದು ದಾರ ತೆಗೆದುಕೊಂಡು ಸ್ವಿಂಗ್ ಆರ್ಮಿನ ಕೀಲಿನ ಬೋಲ್ಟ್ ನಡುವಿನಿಂದ ಆಕ್ಸಲ್ ನಡುವಿನವರೆಗೆ ಎರಡೂ ಬದಿ ಅಳೆದು ನೋಡಿ. ಬಳಿಕ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಚೈನಿನ ಉದ್ದಕ್ಕೂ ಕಣ್ಣು ಹಾಯಿಸಿ. ಸ್ಪ್ರಾಕೆಟ್ಟಿನ ಹಲ್ಲು ಎರಡು ಪಟ್ಟಿಗಳ ನಟ್ಟನಡುವೆ ಇರಬೇಕು. ಹಲ್ಲಿನ ಒಂದೇ ಬದಿ ಉಜ್ಜಿ ಹೊಳೆಯುತ್ತಿದ್ದರೆ ಚಕ್ರ ಬಹಳ ದಿನದಿಂದ ಓರೆಯಾಗಿ ಓಡಿದೆ ಎಂದು ತಿಳಿಯಿರಿ.

ಆಕ್ಸಲ್ ನಟ್ಟನ್ನು ಪುಸ್ತಕದಲ್ಲಿ ಹೇಳಿದಷ್ಟು ಬಿಗಿ ಮಾಡಿ. ಬಿಗಿ ಮಾಡುವಾಗ ಚಕ್ರ ಕೂದಲೆಳೆಯಷ್ಟು ಸರಿಯುವುದುಂಟು, ಆದ್ದರಿಂದ ಸಡಿಲಿಕೆಯನ್ನು ಇನ್ನೊಮ್ಮೆ ಅಳೆಯಲೇಬೇಕು. ಕೊನೆಗೆ ಅಡ್ಜಸ್ಟರ್ ಲಾಕ್ ನಟ್ಟುಗಳು. ಆಕ್ಸಲ್ ತುದಿಯಲ್ಲಿ ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ಹಾಕುವ ಸೀಳು ಪಿನ್) ಇದ್ದರೆ ಹೊಸದನ್ನೇ ಹಾಕಿ.

7. ಬ್ರೇಕ್ ಮರೆಯಬೇಡಿ, ಆಮೇಲೆ ಎಣ್ಣೆ

ಚೈನ್ ಬಿಗಿ ಮಾಡಿದಾಗ ಚಕ್ರ ಹಿಂದಕ್ಕೆ ಸರಿದಿರುತ್ತದೆ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಅದರ ರಾಡ್ ಎಳೆದುಕೊಂಡು, ಕಾಲು ಇಡದಿದ್ದರೂ ಬ್ರೇಕ್ ಹಿಡಿಯುತ್ತಿರಬಹುದು. ಚಕ್ರ ಕೈಯಿಂದ ತಿರುಗಿಸಿ, ಸಲೀಸಾಗಿ ತಿರುಗದಿದ್ದರೆ ರಾಡಿನ ತುದಿಯ ನಟ್ ಸ್ವಲ್ಪ ಸಡಿಲಿಸಿ. ಬ್ರೇಕ್ ಒತ್ತಿದಾಗ ಹಿಂದಿನ ದೀಪ ಹತ್ತುತ್ತದೆಯೇ, ಬಿಟ್ಟಾಗ ಆರುತ್ತದೆಯೇ ಎಂದೂ ನೋಡಿ.

ಇನ್ನು ಎಣ್ಣೆ. ಅದು ಹೋಗಬೇಕಾದದ್ದು ಹೊರಗಿನ ಪಟ್ಟಿಗಳ ಮೈಗಲ್ಲ, ಒಳಪಟ್ಟಿ ಹೊರಪಟ್ಟಿ ಸೇರುವ ಸಂದಿಗೆ ಮತ್ತು ರೋಲರುಗಳಿಗೆ. ಕೆಳಗಿನ ಸಾಲಿನ ಒಳಮುಖಕ್ಕೆ, ಅಂದರೆ ಮೇಲಿನ ಸಾಲಿಗೆ ಎದುರಾಗಿರುವ ಮುಖಕ್ಕೆ, ಸಂದಿಗೊಂದು ಹನಿಯಂತೆ ಬಿಡುತ್ತ ಚಕ್ರವನ್ನು ಹಿಂದಕ್ಕೆ ತಿರುಗಿಸಿ. ಚೈನ್ ಓಡುವಾಗ ಎಣ್ಣೆ ಹೊರಮುಖಕ್ಕೆ ಎಸೆಯಲ್ಪಡುತ್ತದೆ, ಆದ್ದರಿಂದ ಒಳಗಿನಿಂದ ಹಾಕಿದ್ದೇ ಸಂದಿ ದಾಟಿ ಹೋಗುತ್ತದೆ. ಸಂಜೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೊರಗಿನ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹೊರಗೆ ಜಿಡ್ಡು ಉಳಿದರೆ ದೂಳಿಗೆ ಅಂಟು ಸಿಕ್ಕಂತೆ.

ಗ್ಯಾರೇಜಿನಲ್ಲಿ ಬಿಟ್ಟಿ ಸಿಗುವ ಹಳೆಯ ಎಂಜಿನ್ ಆಯಿಲ್ ಹಾಕಬೇಡಿ. ಅದರಲ್ಲಿ ಎಂಜಿನ್ ಸವೆದ ಲೋಹದ ಪುಡಿಯೂ ಮಸಿಯೂ ಇರುತ್ತದೆ. ಗ್ರೀಸು ಬಳಿಯುವುದೂ ತಪ್ಪು. ಅದು ಗಟ್ಟಿ, ಸಂದಿಯೊಳಗೆ ಹೋಗದೆ ಹೊರಗೇ ಕುಳಿತು ಮಣ್ಣು ಹಿಡಿಯುತ್ತದೆ. ಸುಮಾರು 500 ಕಿಲೋಮೀಟರಿಗೊಮ್ಮೆ ಎಣ್ಣೆ, ಸಡಿಲಿಕೆಯ ಪರೀಕ್ಷೆ ಎರಡೂ ಆಗಲಿ. ಮಳೆಯಲ್ಲೋ ಕೆಸರಿನಲ್ಲೋ ಓಡಿಸಿ ಬಂದ ದಿನ ಕಿಲೋಮೀಟರ್ ಲೆಕ್ಕ ಬಿಟ್ಟು, ಒರೆಸಿ ಅಂದೇ ಎಣ್ಣೆ ಹಾಕಿ.

ಬಿಚ್ಚಿದ ಕವರನ್ನು ಮರಳಿ ಹಾಕಿ. ನೋಟಕ್ಕೆ ಚೆನ್ನಾಗಿರಲೆಂದು ಪೂರ್ತಿ ಕವರ್ ಕಿತ್ತು ಹಾಕುವ ಹುಡುಗರಿಗೆ ನನ್ನ ಕಳಕಳಿಯ ಮಾತು: ನಮ್ಮ ದೂಳಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆಯಿಲ್ಲ. ಹಿಂದೆ ಕುಳಿತ ಅಮ್ಮನ ಸೆರಗು, ತಂಗಿಯ ದುಪಟ್ಟಾ ಚೈನಿಗೆ ಸಿಗದಂತೆ ತಡೆಯುವುದೂ ಆ ಕವರೇ.

8. ಬದಲಿಸುವಾಗ

ಮೂರನ್ನೂ ಒಟ್ಟಿಗೆ ಬದಲಿಸಿ: ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್. ಅಂಗಡಿಯಲ್ಲಿ ಚೈನ್ ಕಿಟ್ ಎಂದು ಕೇಳಿದರೆ ಮೂರೂ ಒಂದೇ ಪೊಟ್ಟಣದಲ್ಲಿ ಸಿಗುತ್ತವೆ. ಚೈನ್ ಮಾತ್ರ ಹಾಕಿಸಿದರೆ ಹಣ ಉಳಿಯುತ್ತದೆ ಎನಿಸುತ್ತದೆ, ಆದರೆ ಸವೆದ ಹಲ್ಲು ಹೊಸ ಚೈನಿನ ರೋಲರುಗಳ ಮೇಲೆ ಸರಿಯಾಗಿ ಕೂರದೆ ಅದನ್ನು ಬೇಗನೆ ಹಳೆಯದು ಮಾಡುತ್ತದೆ. ಇನ್ನೂ ಕೆಟ್ಟದ್ದೆಂದರೆ ಅಡ್ಜಸ್ಟರ್ ಕೊನೆಗೆ ಬಂದಾಗ ಕೊಂಡಿ ಕತ್ತರಿಸಿ ಚೈನ್ ಗಿಡ್ಡ ಮಾಡಿಸುವುದು. ಗಿಡ್ಡವಾದರೂ ಉಳಿದ ಕೀಲುಗಳು ಸವೆದವೇ, ಹಲ್ಲಿನ ಮೇಲೆ ಹತ್ತಿ ಹಾರುವ ಚೈನ್ ಅದು. ಹಾಗೆ ಮಾಡಿಕೊಡುತ್ತೇನೆ ಎಂದವರಿಗೆ ಬೇಡ ಎನ್ನಿ.

ಚಕ್ರ ಬಿಚ್ಚಿದಾಗಲೇ ಹಿಂದಿನ ಹಬ್‌ನೊಳಗಿನ ರಬ್ಬರ್ ತುಂಡುಗಳನ್ನೂ ನೋಡಿಸಿ. ಎಂಜಿನ್ನಿನ ಎಳೆತದ ಪೆಟ್ಟನ್ನು ಅವು ಹೀರಿಕೊಳ್ಳುತ್ತವೆ. ಸ್ಪ್ರಾಕೆಟ್ಟನ್ನು ಕೈಯಿಂದ ಹಿಂದೆ ಮುಂದೆ ಆಡಿಸಿದಾಗ ಢಿಳಢಿಳ ಎಂದರೆ ಬದಲಿಸಬೇಕು. ಹೊಸ ಕಿಟ್ ಹಾಕಿಸಿದ ಮೇಲೆ ಮೊದಲ 300ರಿಂದ 500 ಕಿಲೋಮೀಟರಿನೊಳಗೆ ಸಡಿಲಿಕೆ ಮತ್ತೆ ಅಳೆಯಿರಿ, ಹೊಸ ಚೈನ್ ಕೂರುವಾಗ ಸ್ವಲ್ಪ ಸಡಿಲವಾಗುತ್ತದೆ.

ದಾರಿಯಲ್ಲಿ ಕಡಿದರೆ

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿ 48ರಲ್ಲಿ ಬರುತ್ತಿದ್ದೀರಿ, ಹಿಂದೆ ಲಾರಿಗಳಿವೆ, ‘ಟಣ್’ ಎಂಬ ಸದ್ದಾಗಿ ಎಂಜಿನ್ ಒಮ್ಮೆಲೇ ಹಗುರಾಗಿ ಕೂಗಿದರೆ ಚೈನ್ ಹೋಗಿದೆ. ಆಕ್ಸಿಲರೇಟರ್ ಬಿಡಿ, ಕ್ಲಚ್ ಪೂರ್ತಿ ಹಿಡಿಯಿರಿ, ಹ್ಯಾಂಡಲ್ ನೇರವಾಗಿರಲಿ. ಬ್ರೇಕನ್ನು ಒಮ್ಮೆಲೇ ಒತ್ತದೆ ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯಿರಿ. ನಿಂತ ಮೇಲೆ ಚೈನ್ ಎಲ್ಲಿದೆ ನೋಡಿ. ಮುಂದಿನ ಸ್ಪ್ರಾಕೆಟ್ ಬಳಿ ಮುದ್ದೆಯಾಗಿ ಸಿಕ್ಕಿಕೊಂಡಿದ್ದರೆ ಬೈಕನ್ನು ತಳ್ಳಬೇಡಿ, ಎಂಜಿನ್ನಿನ ಕೇಸ್ ಒಡೆಯುತ್ತದೆ. ಮುಚ್ಚಳ ಬಿಚ್ಚಿ ಬಿಡಿಸಿದ ನಂತರವೇ ತಳ್ಳಿ. ಲಾಕ್ ಮಾತ್ರ ಹಾರಿದ್ದರೆ, ಚೈನ್ ರಸ್ತೆಯಲ್ಲಿ ಬಿದ್ದು ಉಳಿದಿದ್ದರೆ, ವಾಹನಗಳಿಲ್ಲದಾಗ ಹೋಗಿ ತನ್ನಿ. ಎರಡೂ ತುದಿಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂರಿಸಿದರೆ ಅವು ಅಲುಗದೆ ನಿಲ್ಲುತ್ತವೆ. ಆಗ ಸೀಟಿನ ಕೆಳಗಿನ ಲಾಕನ್ನು ಹಾಕಿ, ಮುಚ್ಚಿದ ತುದಿ ಸಾಗುವ ದಿಕ್ಕಿಗೆ ಇದೆಯೇ ನೋಡಿ, ಹತ್ತಿರದ ಮೆಕ್ಯಾನಿಕ್‌ವರೆಗೆ ಸರ್ವಿಸ್ ರಸ್ತೆಯಲ್ಲಿ ನಿಧಾನವಾಗಿ ಹೋಗಿ.